ಹೆಸರುಕಾಳಿನ ಬಣ್ಣವೋ, ಹಾವಸೆಯ ಬಣ್ಣವೋ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳೇ ಮನೆ. ಜಂಬಿಟ್ಟಿಗೆ ಗೋಡೆ, ಕೆಂಪು ಆಕ್ಸೈಡ್ ನೆಲ, ಹಲಸಿನ ಮರದ ಬಾಗಿಲು, ನಡುಮನೆಗೆ ಮರದ ಮುಚ್ಚಿಗೆ. ಸುತ್ತಲೂ ಅಡಿಕೆ ತೋಟ. ಬೆಂಗಳೂರಿನ ಕೆಲಸವನ್ನು ಮನೆಯಿಂದಲೇ ಮಾಡಲು ವಾಪಸು ಬಂದಿದ್ದೇನೆ, ಉಪ್ಪರಿಗೆಯ ಪಶ್ಚಿಮದ ಕೋಣೆಯೇ ನನ್ನ ಆಫೀಸು. ಅಳತೆ 12 ಅಡಿ ಉದ್ದ, 11 ಅಡಿ ಅಗಲ, ಎಂಟೂವರೆ ಅಡಿ ಎತ್ತರ. ನಡುಮನೆಗೂ ಈ ಕೋಣೆಗೂ ಮಂಕಾದ ಆಲಿವ್ ಹಸಿರು ಬಳಿಸಬೇಕೆಂದು ಆಸೆ. ಶೇಡ್ ಕಾರ್ಡ್ ನೋಡಿದ ಅತ್ತೆ, "ವರ್ಷಾವರ್ಷ ಗೋಡೆಯಿಂದ ಉಜ್ಜಿ ತೆಗಿಯೋ ಹಾವಸೆ ಬಣ್ಣಾನ ದುಡ್ಡು ಕೊಟ್ಟು ಬಳಿಸ್ತೀಯೇನೇ?" ಅಂದರು. ನಿಜವಾಗಿಯೂ ಹಾಗೆ ಕಾಣುತ್ತದೆಯೇ? ಮನೆ ಕತ್ತಲೆಯಾಗುತ್ತದೆಯೇ? ಜೊತೆಗೆ ಯಾವ ಬಿಳಿ, ಯಾವ ಪರದೆ?

ಉತ್ತರ: ನಿಮ್ಮ ಅತ್ತೆಯವರ ಮಾತು ಓದಿ ಮೊದಲು ನಗು ಬಂತು. ಆಮೇಲೆ ಅನಿಸಿತು, ಇಪ್ಪತ್ತೆರಡು ವರ್ಷದಿಂದ ಗೋಡೆ ಬಣ್ಣದ ಕೆಲಸ ಮಾಡಿಸುತ್ತಿರುವ ನಾನೂ ಇಷ್ಟು ಸರಿಯಾಗಿ ಹೇಳುತ್ತಿರಲಿಲ್ಲ. ತೀರ್ಪನ್ನು ಮೊದಲೇ ಕೊಟ್ಟುಬಿಡುತ್ತೇನೆ: ನಡುಮನೆಯ ಮಟ್ಟಿಗೆ ನಾನು ಅತ್ತೆಯ ಕಡೆ, ಉಪ್ಪರಿಗೆಯ ಮಟ್ಟಿಗೆ ನಿಮ್ಮ ಕಡೆ. ಕಾರಣ ಹೇಳಲು ಸ್ವಲ್ಪ ಉದ್ದವಾಗುತ್ತದೆ.

ಈ ಬಣ್ಣದ ಬಗ್ಗೆ ಮುಖ ಸಿಂಡರಿಸಿದವರಲ್ಲಿ ನಿಮ್ಮ ಅತ್ತೆಯವರು ಮೊದಲಿಗರಲ್ಲ. 2012ರಲ್ಲಿ ಆಸ್ಟ್ರೇಲಿಯಾ ಸರ್ಕಾರ ಸಿಗರೇಟು ಪ್ಯಾಕುಗಳ ಮೇಲೆ ಕಂಪನಿಯ ಬಣ್ಣ, ಲಾಂಛನ ಏನೂ ಇರಕೂಡದೆಂದು ಮಾಡಿತಲ್ಲ, ಆಗ ಜನರಿಗೆ ಅಸಹ್ಯ ಹುಟ್ಟಿಸುವ ಬಣ್ಣ ಯಾವುದೆಂದು ಹುಡುಕಿ ಹುಡುಕಿ ಆರಿಸಿದ್ದು ಪ್ಯಾಂಟೋನ್ 448 ಸಿ ಎಂಬ ಕಂದು ಬೆರೆತ ಮಂಕು ಹಸಿರನ್ನು. ಮೊದಮೊದಲು ಅದನ್ನು ಆಲಿವ್ ಗ್ರೀನ್ ಅಂತಲೇ ಕರೆಯುತ್ತಿದ್ದರು. ಅಲ್ಲಿನ ಆಲಿವ್ ಬೆಳೆಗಾರರ ಸಂಘ, ನಮ್ಮ ಹಣ್ಣಿಗೇಕೆ ಕೆಟ್ಟ ಹೆಸರು ಎಂದು ತಕರಾರು ತೆಗೆದ ಮೇಲೆ "ಮಂಕು ಗಾಢ ಕಂದು" ಎಂದು ಹೆಸರು ಬದಲಾಯಿತು. ಆ ಸಿಗರೇಟು ಪ್ಯಾಕಿಗೂ ನೀವು ಚಿತ್ರದಲ್ಲಿ ನೋಡಿ ಮೆಚ್ಚಿದ ಗೋಡೆಗೂ ನಡುವೆ ಇರುವುದು ಒಂದಿಷ್ಟು ಕಪ್ಪು, ಒಂದಿಷ್ಟು ಬಿಳಿ, ಅಷ್ಟೇ. ಇಷ್ಟು ಕಡಿಮೆ ಅಂತರದಲ್ಲಿ ಚಂದವೂ ಕೊಳಕೂ ಆಗಿಬಿಡುವ ಬಣ್ಣ ಇನ್ನೊಂದಿಲ್ಲ. ಗಿಳಿ ಹಸಿರು ಎಲ್ಲಿ ಬಳಿದರೂ ಗಿಳಿ ಹಸಿರೇ. ಆಲಿವ್ ಹಾಗಲ್ಲ.

ಅದಕ್ಕೆ ಕಾರಣ ಬಣ್ಣದ ಒಳಗೇ ಇದೆ. ಆಲಿವ್‌ನಲ್ಲಿ ಹಸಿರಿನ ಪಾಲು ನೀವಂದುಕೊಂಡಷ್ಟು ಇಲ್ಲ. ಹಳೇ ಪೇಂಟರುಗಳಿಗೆ ಇದು ಗೊತ್ತು: ಬಿಳಿ ಬಣ್ಣದ ಡಬ್ಬಿಗೆ ಯೆಲ್ಲೋ ಆಕ್ಸೈಡ್ ಸ್ಟೈನರ್ ಹಾಕಿ, ಮೇಲೆ ಬ್ಲ್ಯಾಕ್ ಸ್ಟೈನರ್ ಒಂದೊಂದೇ ಹನಿ ಬಿಟ್ಟು ಕಲಸುತ್ತ ಹೋದರೆ, ಹಸಿರು ಒಂದು ಹನಿಯನ್ನೂ ಹಾಕದೆ ಆಲಿವ್ ಹುಟ್ಟುತ್ತದೆ. ಹಳದಿಗೆ ಕಪ್ಪು ಬಿದ್ದರೆ ನಮ್ಮ ಕಣ್ಣು ಅದನ್ನು ಹಸಿರು ಎಂದು ಓದುತ್ತದೆ. ಅಂದರೆ ಬಿಸಿಲು ಬೆಳಕಿನ ಹಳದಿ ಸಿಕ್ಕರೆ ಬೆಚ್ಚಗೆ ಅರಳುತ್ತದೆ, ಆ ಹಳದಿ ಸಿಗದಿದ್ದರೆ ಉಳಿಯುವುದು ಕಪ್ಪು ಮತ್ತು ಬೂದಿ. ಹಾವಸೆ ಕಾಣಿಸಿಕೊಳ್ಳುವುದು ಅಲ್ಲೇ.

ಈಗ ನಿಮ್ಮ ನಡುಮನೆ ನೋಡಿ. ಅದಕ್ಕೆ ಆಕಾಶದಿಂದ ನೇರ ಬೆಳಕಿಲ್ಲ. ಬರುವುದೆಲ್ಲ ಜಗುಲಿ ದಾಟಿ, ಇಳಿಮಾಡಿನ ಕೆಳಗಿನಿಂದ ನುಸುಳಿ, ಅದಕ್ಕೂ ಮೊದಲು ಅಡಿಕೆ ಸೋಗೆಯ ಮೇಲೆ ಬಿದ್ದು ಪುಟಿದ ಬೆಳಕು. ಸೋಗೆ ಕೆಂಪನ್ನೂ ನೀಲಿಯನ್ನೂ ನುಂಗಿ ಹಸಿರನ್ನಷ್ಟೇ ಒಳಗೆ ಕಳಿಸುತ್ತದೆ. ಬಿಳಿ ಸುಣ್ಣದ ಗೋಡೆ ಇರುವಾಗ ಅದು ಗೊತ್ತಾಗುವುದಿಲ್ಲ, ಹಿತವೇ ಅನಿಸುತ್ತದೆ. ಆಲಿವ್ ಬಳಿದ ದಿನ ಗೊತ್ತಾಗುತ್ತದೆ. ಜೂನ್ ಬಂತೆಂದರೆ ನಾಲ್ಕು ತಿಂಗಳು ಸೂರ್ಯನ ಸುದ್ದಿಯೇ ಇಲ್ಲ. ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವ ಆಗುಂಬೆ ನಿಮ್ಮ ಮಗ್ಗುಲಲ್ಲೇ ಇದೆ, ನಾನು ಹೇಳಬೇಕಿಲ್ಲ. ಮೇಲೆ ಮರದ ಮುಚ್ಚಿಗೆ ಕಪ್ಪಗಿದೆ. ಅದರ ಕೆಳಗೆ ನಾಲ್ಕೂ ಗೋಡೆ ಆಲಿವ್ ಎಂದರೆ, ಬೆಳಗ್ಗೆ ಹತ್ತಕ್ಕೇ ದೀಪ ಹಾಕಬೇಕಾಗುತ್ತದೆ.

ಬಣ್ಣ ಎಷ್ಟು ಬೆಳಕನ್ನು ವಾಪಸು ಕೊಡುತ್ತದೆ ಎನ್ನುವುದಕ್ಕೆ ಎಲ್‌ಆರ್‌ವಿ ಎಂಬ ಅಳತೆ ಇದೆ, ಸೊನ್ನೆಯಿಂದ ನೂರರವರೆಗೆ. ಕೆಲವು ಕಂಪನಿಗಳು ಶೇಡಿನ ಜೊತೆ ಅದನ್ನೂ ಕೊಟ್ಟಿರುತ್ತವೆ, ಇಲ್ಲದಿದ್ದರೆ ಅಂಗಡಿಯಲ್ಲಿ ಕೇಳಿ. ಒಳ್ಳೆಯ ಬಿಳಿ 80ರ ಮೇಲಿರುತ್ತದೆ. ಚಿತ್ರಗಳಲ್ಲಿ ಮೋಹಕವಾಗಿ ಕಾಣುವ ಗಾಢ ಆಲಿವ್‌ಗಳು 10–20ರ ನಡುವೆ ಬರುತ್ತವೆ, ಅಂದರೆ ಬಿದ್ದ ಬೆಳಕಿನಲ್ಲಿ ಐದರಲ್ಲಿ ನಾಲ್ಕು ಪಾಲನ್ನು ಗೋಡೆ ಕುಡಿದುಬಿಡುತ್ತದೆ. ನಿಮ್ಮಂಥ ಮನೆಗೆ 35ಕ್ಕಿಂತ ಕೆಳಗಿನದನ್ನು ನಾನು ಒಪ್ಪುವುದಿಲ್ಲ.

ಶೇಡ್ ಕಾರ್ಡಿನ ಹೆಸರುಗಳನ್ನು ನಂಬಬೇಡಿ. ಒಬ್ಬರ ಆಲಿವ್ ಇನ್ನೊಬ್ಬರ ಪಾಚಿ, ಮತ್ತೊಬ್ಬರ ಸೇಜ್. ನಾನು ಗಿರಾಕಿಗಳ ಮನೆಗೆ ಹೋದರೆ ಮೊದಲು ಅಡುಗೆಮನೆಯಿಂದ ಮೂರು ತಟ್ಟೆ ತರಿಸುತ್ತೇನೆ. ಒಂದರಲ್ಲಿ ಏಲಕ್ಕಿ, ಒಂದರಲ್ಲಿ ಹೆಸರುಕಾಳು, ಒಂದರಲ್ಲಿ ಒಣಗಿಸಿ ಪುಡಿ ಮಾಡಿದ ಗೋರಂಟಿ. ಕಿಟಕಿಯ ಪಕ್ಕ ನೆಲದ ಮೇಲೆ ಸಾಲಾಗಿ ಇಟ್ಟು, ಹತ್ತು ಹೆಜ್ಜೆ ಹಿಂದೆ ನಿಂತು ನೋಡಬೇಕು. ಏಲಕ್ಕಿ ಸಿಪ್ಪೆಯದು ತೆಳು ಹಸಿರು, ಬೂದಿ ಹೆಚ್ಚು. ಹೆಸರುಕಾಳಿನದು ತುಂಬಿದ ಬಣ್ಣ, ಆದರೆ ಒಳಗೊಂದು ಹಳದಿ ಬೆಳಕಿದೆ. ಗೋರಂಟಿ ಪುಡಿಯಲ್ಲಿ ಕಂದು ಮೇಲುಗೈ. ಜನ "ಆಲಿವ್ ಬೇಕು" ಎಂದಾಗ ಹತ್ತಕ್ಕೆ ಏಳು ಸಲ ಅವರ ಬೆರಳು ಹೋಗುವುದು ಹೆಸರುಕಾಳಿನ ತಟ್ಟೆಗೆ. ಆಗ ತಟ್ಟೆಯನ್ನೇ ಕಂಪ್ಯೂಟರ್ ಟಿಂಟಿಂಗ್ ಮಷೀನಿರುವ ಅಂಗಡಿಗೆ ಒಯ್ದು, ಅದಕ್ಕೆ ಹತ್ತಿರದ ಶೇಡ್ ಹುಡುಕಿ, ಅದೇ ಪಟ್ಟಿಯಲ್ಲಿ ಒಂದು ಮನೆ ತೆಳುವಾದದ್ದನ್ನು ಆರಿಸಿ. ಒಂದು ಮನೆ ತೆಳು ಏಕೆಂದರೆ, ಅಂಗೈಯಗಲದ ಕಾಗದದ ಮೇಲೆ ಕಂಡ ಬಣ್ಣ ನೂರು ಚದರ ಅಡಿಗೆ ಹರಡಿದಾಗ ಗೋಡೆಗೆ ಗೋಡೆ ಪ್ರತಿಫಲಿಸಿ ಇನ್ನಷ್ಟು ಗಾಢವಾಗಿ ಕಾಣುತ್ತದೆ.

ಆಮೇಲೂ ಗೋಡೆಗೆ ಹಚ್ಚಬೇಡಿ. ಒಂದು ಲೀಟರ್ ತಂದು, ಎರಡಡಿ ಮೂರಡಿಯ ಪ್ಲೈವುಡ್ ತುಂಡಿಗೆ ಎರಡು ಕೋಟ್ ಹಚ್ಚಿ. ಸುತ್ತ ಎರಡಿಂಚು ಬಿಳಿ ಅಂಚು ಬಿಡಿ, ಹಳೇ ಗೋಡೆಯ ಬಣ್ಣ ಕಣ್ಣನ್ನು ದಾರಿ ತಪ್ಪಿಸದಿರಲಿ. ಆ ಹಲಗೆಯನ್ನು ಒಂದು ವಾರ ಮನೆಯಲ್ಲಿ ಓಡಾಡಿಸಿ, ನಡುಮನೆಯಲ್ಲೂ ಇಡಿ, ಅತ್ತೆಯವರೂ ನೋಡಲಿ. ಬೆಳಗ್ಗೆ ಎಂಟಕ್ಕೆ, ಮಧ್ಯಾಹ್ನ, ಸಂಜೆ ನಾಲ್ಕಕ್ಕೆ, ರಾತ್ರಿ ದೀಪದಲ್ಲಿ. ನೆಲದ ಮೇಲೆ ಮಲಗಿಸಿ ನೋಡಿದರೆ ಪ್ರಯೋಜನವಿಲ್ಲ, ಗೋಡೆಗೆ ಆನಿಸಿ ನಿಲ್ಲಿಸಬೇಕು.

ನಿಲ್ಲಿಸಿದಾಗ ಇನ್ನೊಂದು ಸಂಗತಿ ಕಾಣುತ್ತದೆ. ಕೆಂಪು ನೆಲಕ್ಕೆ ಹತ್ತಿರವಿರುವ ಕೆಳಗಿನ ಒಂದಡಿ ಕಂದಾಗಿ, ಮೇಲಿನ ಭಾಗ ಇನ್ನಷ್ಟು ಹಸಿರಾಗಿ ಕಾಣುತ್ತದೆ, ಬಣ್ಣ ಒಂದೇ ಆದರೂ. ಕೆಳಗೆ ನೆಲದ ಕೆಂಪು ಬೆಳಕು ನಿಜವಾಗಿಯೂ ಪುಟಿದು ಗೋಡೆಗೆ ಬೀಳುತ್ತದೆ. ಮೇಲಿನದು ಕಣ್ಣಿನ ಆಟ. ಫ್ರಾನ್ಸಿನ ಗೊಬೆಲಿನ್ ನೇಯ್ಗೆ ಕಾರ್ಖಾನೆಯ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ರಸಾಯನಶಾಸ್ತ್ರಜ್ಞ ಶೆವ್ರೋಲ್‌ಗೆ, ಕಪ್ಪು ನೂಲು ಸರಿಯಾಗಿ ಬಣ್ಣ ಹಿಡಿದಿಲ್ಲ ಎಂಬ ದೂರು ಬರುತ್ತಿತ್ತಂತೆ. ಪರೀಕ್ಷಿಸಿದರೆ ನೂಲಿನಲ್ಲಿ ದೋಷವಿಲ್ಲ, ಪಕ್ಕದಲ್ಲಿ ನೇಯ್ದ ಬಣ್ಣದಿಂದ ಹಾಗೆ ಕಾಣುತ್ತಿತ್ತು. 1839ರಲ್ಲಿ ಅವನು ಇದನ್ನು ವಿವರವಾಗಿ ಬರೆದ. ಕೆಂಪು ಮತ್ತು ಹಸಿರು ಅಕ್ಕಪಕ್ಕ ನಿಂತರೆ ಒಂದನ್ನೊಂದು ಎತ್ತಿ ಕಟ್ಟುತ್ತವೆ. ಹಾಗಾಗಿ ಕೆಂಪು ನೆಲದ ಮನೆಯಲ್ಲಿ ಆಲಿವ್ ಆರಿಸುವಾಗ ಕಾರ್ಡಿನಲ್ಲಿ ತುಸು ಕಂದು ಅನಿಸುವುದನ್ನೇ ಆರಿಸಿ, ನೆಲ ಅದನ್ನು ಹಸಿರಾಗಿಸುತ್ತದೆ. ಕಾರ್ಡಿನಲ್ಲೇ ಹಸಿರಾಗಿರುವುದನ್ನು ತಂದರೆ ದೀಪಾವಳಿ ಪಟಾಕಿ ಅಂಗಡಿಯಾಗುತ್ತದೆ.

ಉಪ್ಪರಿಗೆ ಕೋಣೆ ನನಗೆ ಇಷ್ಟವಾದದ್ದು ಅದರ ಪಶ್ಚಿಮದ ಕಿಟಕಿಯಿಂದ. ಮಧ್ಯಾಹ್ನ ಮೂರರ ನಂತರದ ಬಿಸಿಲಿನಲ್ಲಿ ಹಳದಿ ಧಾರಾಳ. ಅಡಿಕೆ ಸೋಗೆಗಿಂತ ಮೇಲಿದ್ದರೆ ಇನ್ನೂ ಒಳ್ಳೆಯದು. ಇಲ್ಲೊಂದು ಮಾತು: ಉತ್ತರದ ಕಿಟಕಿಗೆ ತಣ್ಣನೆ ಬೆಳಕು, ಅಲ್ಲಿ ಹಸಿರು ಬೇಡ ಎಂದು ಇಂಟರ್‌ನೆಟ್ಟಿನಲ್ಲಿ ಓದಿರುತ್ತೀರಿ. ಅದು 51 ಡಿಗ್ರಿ ಅಕ್ಷಾಂಶದ ಲಂಡನ್ನಿನವರು ತಮ್ಮ ಮನೆಗೆ ಹೇಳಿಕೊಂಡದ್ದು. ನಾವಿರುವುದು ಹದಿಮೂರು ಹದಿನಾಲ್ಕು ಡಿಗ್ರಿಯಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಮ್ಮ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ, ಮೇ ತಿಂಗಳಲ್ಲಿ ಉತ್ತರದ ಕಿಟಕಿಗೂ ಬಿಸಿಲು ಬರುತ್ತದೆ. ನಮ್ಮಲ್ಲಿ ದಿಕ್ಕಿಗಿಂತ ಕಿಟಕಿಯ ಎದುರಿಗೆ ಏನಿದೆ ಎಂಬುದನ್ನು ನೋಡಬೇಕು.

ಕೋಣೆಯಲ್ಲಿ ಯಾವ ಗೋಡೆಗೆ? ಕಿಟಕಿ ಇರುವ ಗೋಡೆಗೆ ಮಾತ್ರ ಬೇಡ. ಅದರ ಮೇಲೆ ಕಿಟಕಿಯ ಬೆಳಕು ಬೀಳುವುದೇ ಇಲ್ಲ, ಪಕ್ಕದಲ್ಲೇ ಕಣ್ಣು ಕುಕ್ಕುವ ಬೆಳಕಿರುವುದರಿಂದ ಬಿಳಿ ಗೋಡೆಯೂ ಅಲ್ಲಿ ಮಂಕು. ಆಲಿವ್ ಆದರೆ ಕಪ್ಪೇ. ಕಿಟಕಿಗೆ ಎದುರಾದ ಪೂರ್ವದ ಗೋಡೆಗೆ ಬಳಿಸಿ, ಆ ಗೋಡೆಗೆ ಬೆನ್ನು ಹಾಕಿ ಕೂರುವಂತೆ ಮೇಜು ಇಡಿ. ಆಗ ವಿಡಿಯೋ ಕಾಲ್‌ನಲ್ಲಿ ನಿಮ್ಮ ಬೆನ್ನ ಹಿಂದೆ ಆಲಿವ್, ಮುಖಕ್ಕೆ ಕಿಟಕಿಯ ಬೆಳಕು. ನಮ್ಮ ಗೋಧಿ, ಎಣ್ಣೆಗೆಂಪು ಮೈಬಣ್ಣಕ್ಕೆ ಇದಕ್ಕಿಂತ ಒಪ್ಪುವ ಹಿನ್ನೆಲೆ ಕಡಿಮೆ. ಸಂಜೆ ಬಿಸಿಲು ಕಣ್ಣಿಗೆ ಹೊಡೆಯುತ್ತದೆ, ಅದಕ್ಕೆ ಪರದೆಯ ವಿಷಯ ಕೊನೆಗೆ ಹೇಳುತ್ತೇನೆ.

ಬೆನ್ನ ಹಿಂದೆ ಎಂದು ಇಷ್ಟು ಒತ್ತಿ ಹೇಳಲು ಕಾರಣವಿದೆ. ಸುಮಾರು ಹತ್ತು ವರ್ಷದ ಹಿಂದೆ ಒಂದು ಮನೆಯ ಮಲಗುವ ಕೋಣೆಗೆ ನಾಲ್ಕೂ ಗೋಡೆ ಆಲಿವ್ ಮಾಡಿಸಿದೆ. ಹಗಲು ಎಲ್ಲರೂ ಹೊಗಳಿದರು. ರಾತ್ರಿ ಟ್ಯೂಬ್‌ಲೈಟ್ ಹಾಕಿದಾಗ ಮನೆಯ ಅಜ್ಜಿ ಬಾಗಿಲಲ್ಲಿ ನಿಂತು, "ಯಾರಿಗೆ ಕಾಮಾಲೆ ಆಗಿರದು?" ಎಂದು ಕೇಳಿದರು. ಸುತ್ತಲಿನ ಹಸಿರು ಪುಟಿದು ಎಲ್ಲರ ಮುಖಕ್ಕೆ ಮೆತ್ತಿಕೊಂಡಿತ್ತು. ಕನ್ನಡಿ ಇರುವ ಗೋಡೆಯ ಎದುರು ಇನ್ನೂ ಘೋರ. ಮೂರು ಗೋಡೆಗೆ ನನ್ನ ಖರ್ಚಿನಲ್ಲಿ ಕೆನೆಬಣ್ಣ ಹೊಡೆಸಿದೆ. ಟ್ಯೂಬ್‌ಲೈಟನ್ನೂ ತೆಗೆಸಿದೆ, ಏಕೆಂದರೆ ತಪ್ಪಿನಲ್ಲಿ ಅರ್ಧ ಅದರದ್ದು.

ದೀಪದ ಡಬ್ಬಿಯ ಮೇಲೆ ಕೆಲ್ವಿನ್ ಎಂದು ಬರೆದಿರುತ್ತದೆ. ಅದು ಬೆಳಕಿನ ಬಣ್ಣದ ಅಳತೆ, ಅಂಕಿ ಏರಿದಷ್ಟು ನೀಲಿ, ಇಳಿದಷ್ಟು ಹಳದಿ. ನಮ್ಮ ಅಂಗಡಿಗಳಲ್ಲಿ ಸುಮ್ಮನೆ "ಎಲ್‌ಇಡಿ ಕೊಡಿ" ಅಂದರೆ ಕೊಡುವುದು 6500 ಕೆಲ್ವಿನ್ನಿನ ನೀಲಿಬಿಳಿ. ಆ ಬೆಳಕಿನಲ್ಲಿ ಆಲಿವ್‌ನ ಹಳದಿ ಸತ್ತು ಬೂದಿ ಹಸಿರಾಗುತ್ತದೆ. 2700ರ ದೀಪದಲ್ಲಿ ಅದೇ ಗೋಡೆ ಬೆಲ್ಲದ ಕಡೆಗೆ ವಾಲುತ್ತದೆ. ನಿಮ್ಮ ಕೆಲಸದ ಮೇಜಿಗೆ 4000, ಸಂಜೆಗೆ ಮೂಲೆಯಲ್ಲಿ 3000ದ ಒಂದು ದೀಪ. ದೀಪದ ಬೆಳಕಿನಲ್ಲಿ ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಎಂದು ಹೇಳುವ ಅಳತೆ ಸಿಆರ್‌ಐ. ಸಿಆರ್‌ಐ 90 ಎಂದು ಬರೆದದ್ದು ಸಿಕ್ಕರೆ ಸ್ವಲ್ಪ ದುಡ್ಡು ಹೆಚ್ಚಾದರೂ ಅದನ್ನೇ ಕೊಳ್ಳಿ.

ಇನ್ನು ಗೋಡೆ. ನಿಮ್ಮ ಪತ್ರದಲ್ಲಿ ಒಂದೇ ಒಂದು ಸಾಲೂ ಇಲ್ಲದ್ದು ಇದೇ, ನನಗೆ ಹೆಚ್ಚು ಚಿಂತೆಯಿರುವುದೂ ಇದರದ್ದೇ. ಹಳೇ ಜಂಬಿಟ್ಟಿಗೆ ಮನೆಯ ಗೋಡೆ ಎಂದರೆ ವರ್ಷವರ್ಷ ಬಳಿದ ಸುಣ್ಣದ ಪದರಗಳು. ಅದರ ಮೇಲೆ ನೇರವಾಗಿ ಎಮಲ್ಷನ್ ಹೊಡೆದರೆ ಒಂದು ಮಳೆಗಾಲ ನಿಲ್ಲುತ್ತದೆ, ಎರಡನೆಯದಕ್ಕೆ ಹಪ್ಪಳದಂತೆ ಎದ್ದು ಬರುತ್ತದೆ. ಬಣ್ಣ ಹಿಡಿದಿರುವುದು ಸುಣ್ಣವನ್ನು, ಆ ಸುಣ್ಣ ಗೋಡೆಯನ್ನು ಹಿಡಿದಿಲ್ಲ. ಒಂದು ತುಂಡು ಅಂಟುಟೇಪನ್ನು ಗೋಡೆಗೆ ಒತ್ತಿ ಸರಕ್ಕನೆ ಕೀಳಿ. ಟೇಪಿನ ತುಂಬ ಬಿಳಿ ಬಂದರೆ ಕೆರೆದು ತೆಗೆಯಲೇಬೇಕು. ಆಮೇಲೆ ಪ್ರೈಮರ್, ಬೇಕಾದಲ್ಲಿ ಪುಟ್ಟಿ, ಮತ್ತೆ ಪ್ರೈಮರ್. ಕೂಲಿಯಲ್ಲಿ ಹೆಚ್ಚಿನ ಪಾಲು ಈ ಕೆರೆತಕ್ಕೇ ಹೋಗುತ್ತದೆ, ಅದನ್ನು ಉಳಿಸಲು ಹೋಗಬೇಡಿ.

ತೇವ ನೋಡಲು ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಗೋಡೆಗೆ ಅಂಟಿಸಿ, ಒಂದು ಹಗಲು ಒಂದು ರಾತ್ರಿ ಬಿಡಿ. ಒಳಮೈಯಲ್ಲಿ ಬೆವರು ಕಟ್ಟಿದ್ದರೆ ಆ ಗೋಡೆಗೆ ಈ ವರ್ಷ ಬಣ್ಣವಿಲ್ಲ. ನಿಮ್ಮ ಕಡೆ ಜನವರಿ ಕೊನೆಯಿಂದ ಏಪ್ರಿಲ್‌ವರೆಗೆ ಬಿಟ್ಟರೆ ಉಳಿದ ಕಾಲದಲ್ಲಿ ನಾನು ಬ್ರಷ್ ಮುಟ್ಟಿಸುವುದಿಲ್ಲ. ಕಪ್ಪು ಬೂಷ್ಟು ಇದ್ದರೆ ಬ್ಲೀಚಿಂಗ್ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಬೂಷ್ಟು ತಡೆಯುವ ಎಮಲ್ಷನ್ನನ್ನೇ ಹಾಕಿಸಿ. ಬಿಳಿ ಗೋಡೆಯ ಮೇಲೆ ಬೂಷ್ಟು ಬಂದರೆ ಮೊದಲ ದಿನವೇ ಕಾಣುತ್ತದೆ, ಆಲಿವ್ ಗೋಡೆಯ ಮೇಲೆ ಅಂಗೈಯಗಲ ಆಗುವವರೆಗೂ ಗೊತ್ತಾಗುವುದಿಲ್ಲ. ಅತ್ತೆಯವರ ಹಾವಸೆ ಮಾತು ಇಲ್ಲಿ ಅಕ್ಷರಶಃ ನಿಜವಾಗಿಬಿಡುತ್ತದೆ.

ನಡುಮನೆಯ ಸುಣ್ಣವನ್ನು ಮಾತ್ರ ಕೆರೆಯಬೇಡಿ. ಜಂಬಿಟ್ಟಿಗೆಗೆ ಉಸಿರಾಡುವ ಹೊದಿಕೆ ಅದೇ, ನೆಲದಿಂದ ಏರುವ ತೇವ ಅದರ ಮೂಲಕ ಆರಿಹೋಗುತ್ತದೆ. ಎಮಲ್ಷನ್ ಹೊಡೆದು ಬಾಯಿ ಮುಚ್ಚಿಸಿದರೆ ಕೆಳಗಿನ ಮೂರಡಿ ಗುಳ್ಳೆ ಏಳುತ್ತದೆ. ಹಸಿರು ಬೇಕೇ ಬೇಕೆಂದರೆ ಸುಣ್ಣಕ್ಕೇ ಬಣ್ಣ ಸೇರಿಸಿ: ಯೆಲ್ಲೋ ಆಕ್ಸೈಡ್ ಪುಡಿ, ಚಿಟಿಕೆ ಕಪ್ಪು ಆಕ್ಸೈಡ್. ಈ ಕಬ್ಬಿಣದ ಆಕ್ಸೈಡುಗಳು ಸುಣ್ಣದ ಕ್ಷಾರಕ್ಕೆ ಜಗ್ಗುವುದಿಲ್ಲ, ಬಿಸಿಲಿಗೂ ಮಾಸುವುದಿಲ್ಲ. ಪುಡಿಯೆಲ್ಲ ಸೇರಿ ಸುಣ್ಣದ ತೂಕದ ಹತ್ತನೇ ಒಂದು ಭಾಗ ದಾಟಬಾರದು, ದಾಟಿದರೆ ಒರಗಿದವರ ಅಂಗಿಗೆಲ್ಲ ಹತ್ತುತ್ತದೆ. ಬಕೆಟ್ಟಿನಲ್ಲಿ ಗಾಢವಾಗಿ ಕಂಡದ್ದು ಗೋಡೆಯ ಮೇಲೆ ಒಣಗಿದಾಗ ಏಲಕ್ಕಿ ಸಿಪ್ಪೆಯಷ್ಟು ತೆಳುವಾಗುತ್ತದೆ, ಹೆದರಿ ಇನ್ನೊಂದು ಮುಷ್ಟಿ ಸುರಿಯಬೇಡಿ. ಬಾಗಿಲಿನಿಂದ ಬೆಳಕು ಬೀಳುವ ಒಂದೇ ಗೋಡೆಗೆ ಇದನ್ನು ಬಳಿದು, ಬುಡದಲ್ಲಿ ಹಳೇ ಪದ್ಧತಿಯಂತೆ ಕೆಮ್ಮಣ್ಣಿನ ಪಟ್ಟಿ ಎಳೆದರೆ ಹಾವಸೆ ಎಂದು ಯಾರೂ ಅನ್ನಲಾರರು. ಹಾವಸೆಗೆ ಅಂಚಿರುವುದಿಲ್ಲ. ನೇರ ಗೆರೆ ಕಂಡ ಕೂಡಲೇ ಕಣ್ಣಿಗೆ ಅದು ಬೇಕೆಂದು ಬಳಿದ ಬಣ್ಣ ಎಂದು ತಿಳಿಯುತ್ತದೆ.

ಲೆಕ್ಕ ಹೀಗೆ. ಉಪ್ಪರಿಗೆಯ ಪೂರ್ವದ ಗೋಡೆ 12 ಅಡಿಯದು ಎಂದಿಟ್ಟುಕೊಂಡರೆ 102 ಚದರ ಅಡಿ. ಎರಡು ಕೋಟ್ ಹೊಡೆಯಲು ಒಂದು ಲೀಟರಿನಲ್ಲಿ ಸುಮಾರು 100ರಿಂದ 130 ಚದರ ಅಡಿ ಆಗುತ್ತದೆ, ಗೋಡೆ ಎಷ್ಟು ನುಣುಪು ಅನ್ನುವುದರ ಮೇಲೆ. ಎರಡು ಲೀಟರ್ ತನ್ನಿ, ಮಿಕ್ಕದ್ದು ತೇಪೆಗೆ ಬೇಕಾಗುತ್ತದೆ. ಎರಡನ್ನೂ ಒಂದೇ ದಿನ ಮಾಡಿಸಿ, ಬಕೆಟ್ಟಿನಲ್ಲಿ ಸುರಿದು ಒಟ್ಟಿಗೆ ಕಲಸಿಕೊಳ್ಳಿ, ಡಬ್ಬಿಯಿಂದ ಡಬ್ಬಿಗೆ ಎಳೆಯಷ್ಟು ವ್ಯತ್ಯಾಸವಿದ್ದರೂ ಈ ಬಣ್ಣದಲ್ಲಿ ಎದ್ದು ಕಾಣುತ್ತದೆ. ಮುಚ್ಚಳದ ಮೇಲಿನ ಶೇಡ್ ನಂಬರಿನ ಚೀಟಿಯನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಫಿನಿಶ್ ಮ್ಯಾಟ್ ಇರಲಿ. ಹೊಳಪಿನದು ತಂದರೆ ಹಳೇ ಗೋಡೆಯ ಉಬ್ಬುತಗ್ಗೆಲ್ಲ ಬೆಳಕಿನಲ್ಲಿ ಲೆಕ್ಕಕ್ಕೆ ಸಿಗುತ್ತದೆ. ಆದರೆ ಮ್ಯಾಟ್ ಗೋಡೆಗೆ ಕುರ್ಚಿ ಬೆನ್ನು ತಾಗಿದ ಕಡೆ ಉಜ್ಜಿ ಹೊಳೆಯುತ್ತದೆ, ಕುರ್ಚಿಯಿಂದ ಗೋಡೆಗೆ ಒಂದು ಗೇಣು ಜಾಗವಿರಲಿ.

ಉಳಿದ ಮೂರು ಗೋಡೆಗೆ ಬಿಳಿ ಯಾವುದು ಎಂದಿರಿ. ನೀಲಿ ಹಾಕಿದ ಸುಣ್ಣದಂಥ ಬಿಳಿ, ಅಂಗಡಿಯವರು "ಬ್ರಿಲಿಯಂಟ್" ಎಂದು ಕೊಡುವ ಬಿಳಿ ಬೇಡ, ಅದರ ಪಕ್ಕ ಆಲಿವ್ ತೊಳೆಯದ ಬಟ್ಟೆಯಂತೆ ಕಾಣುತ್ತದೆ. ಕಾಸಿದ ಹಾಲಿನ ಕೆನೆ, ಅಥವಾ ತೆಂಗಿನಕಾಯಿ ಹೋಳಿನ ಬಿಳಿ. ಹಲಸಿನ ಬಾಗಿಲುಗಳಿಗೆ ದಯವಿಟ್ಟು ಪೇಂಟ್ ಹೊಡೆಸಬೇಡಿ, ಎಣ್ಣೆ ಒರೆಸಿ ಬಿಡಿ. ಹಳದಿಯಿಂದ ಕೆಂಪಿಗೆ ತಿರುಗಿದ ಆ ಮರದ ಪಕ್ಕದಲ್ಲಿ ಆಲಿವ್ ಗೋಡೆ ಕಂಡಷ್ಟು ಚಂದ ಯಾವ ಹೊಸ ಫರ್ನಿಚರಿನ ಪಕ್ಕದಲ್ಲೂ ಕಂಡದ್ದಿಲ್ಲ.

ಪರದೆ. ದಪ್ಪ ಬಟ್ಟೆ ನಿಮ್ಮ ಮಳೆಗಾಲಕ್ಕೆ ಮುಗ್ಗಲು ಹಿಡಿಯುತ್ತದೆ, ತೆಳು ಹತ್ತಿಯದೇ ಆಗಬೇಕು. ಬಣ್ಣ ಅಡಿಕೆ ಚೊಗರಿನದ್ದು. ಆ ಕೆಂಗಂದು ಸಂಜೆ ಬಿಸಿಲನ್ನು ಸೋಸಿ ಎದುರಿನ ಆಲಿವ್ ಗೋಡೆಗೆ ಕಳಿಸಿದಾಗ ನೋಡಬೇಕು. ಹೆಗ್ಗೋಡಿನ ಚರಕ ಮಹಿಳಾ ಸಹಕಾರ ಸಂಘದ ಹೆಣ್ಣುಮಕ್ಕಳು ಸಹಜ ಬಣ್ಣದ ಕೈಮಗ್ಗದ ಬಟ್ಟೆ ಮಾಡುತ್ತಾರೆ, ಅಲ್ಲಿ ಸಿಗುತ್ತದೆ. ಆದರೆ ತೋಟದ ಮನೆಯವರು ನೀವು, ಅಡಿಕೆ ಬೇಯಿಸುವ ದಿನ ಹಂಡೆಯಲ್ಲಿ ಉಳಿದ ಚೊಗರಿಗೆ ಒಂದು ಹಳೇ ಹತ್ತಿ ಪಂಚೆ ಅದ್ದಿ ನೋಡಬಹುದು. ಎಷ್ಟು ಹೊತ್ತು ನೆನೆಸಬೇಕು, ಎಷ್ಟು ಸಲ ಎಂಬುದನ್ನು ನನ್ನನ್ನು ಕೇಳಬೇಡಿ, ಅತ್ತೆಯವರನ್ನು ಕೇಳಿ.